ಸೋಪಕ್ಕನ ಬೋರ್ಡು, ನನ್ನ ಕತ್ತಿನ ಪೈಪು

ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ಹನ್ನೆರಡು ಕುರ್ಚಿ, ಹನ್ನೆರಡು ಮೆಷಿನ್, ಬಾಗಿಲ ಪಕ್ಕದಲ್ಲೇ ಒಂದು ಉದ್ದನೆಯ ಸಿಂಕು. ಕೈ ತೊಳೆಯದೆ ಆ ಸಿಂಕು ದಾಟಿ ಒಳಗೆ ಹೋಗಬೇಕಾದರೆ ಸೋಪಕ್ಕನನ್ನು ದಾಟಬೇಕು. ಅದು ನಮ್ಮಪ್ಪನಾಣೆ ಆಗುವ ಮಾತಲ್ಲ. ದೊಡ್ಡ ಡಾಕ್ಟರನ್ನೇ ಆಕೆ ಮೊಣಕೈವರೆಗೆ ತೊಳೆಸಿ ಒಳಗೆ ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಕೆಗೊಂದು ಹೆಸರಿದೆ, ಎದೆಯ ಮೇಲಿನ ಬಿಲ್ಲೆಯಲ್ಲಿ ಬರೆದೂ ಇದೆ, ಯಾರೂ ಓದುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ವಾರ್ಡಿನಲ್ಲೇ ಇರುವ ಹಿರಿಯ ನರ್ಸು. ಎದುರಿಗೆ ‘ಸಿಸ್ಟರ್’, ಬೆನ್ನ ಹಿಂದೆ ‘ಸೋಪಕ್ಕ’. ಬೆನ್ನ ಹಿಂದಿನ ಹೆಸರೂ ಆಕೆಗೆ ಗೊತ್ತು. ‘ಸೋಪು ಅಂದ್ರೆ ಬೈಗುಳ ಏನಲ್ವಲ್ಲ, ಅನ್ಕೊಳ್ಳಿ’ ಅನ್ನುತ್ತಾಳೆ.

ಇನ್ನು ನಾನು. ಮೂವತ್ತನಾಲ್ಕು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ಗಂಟಲು ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲಿ. ನಿವೃತ್ತಿಯಾದ ವರ್ಷವೇ ಎರಡೂ ಕಿಡ್ನಿ ಕೈಕೊಟ್ಟವು. ಅಲ್ಲಿಂದ ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಮೆಷಿನ್ ಪಕ್ಕ ಕೂತು ರಕ್ತ ತೊಳೆಸಿಕೊಂಡು ಬರುವುದೇ ನನ್ನ ಡ್ಯೂಟಿ. ಮೆಷಿನ್ನಿನ ಸೂಜಿ ಚುಚ್ಚಲು ಕೈಯ ರಕ್ತನಾಳ ಜೋಡಿಸುವ ಆಪರೇಷನ್ ಆಗುವವರೆಗೆ, ರಕ್ತ ಹೋಗಿ ಬರಲು ಕತ್ತಿನ ಹತ್ತಿರ ಒಂದು ಪೈಪು ಹಾಕಿದ್ದರು. ಅದರ ಒಂದು ತುದಿ ನೇರ ಹೃದಯದ ಬಾಗಿಲಲ್ಲಿ, ಇನ್ನೊಂದು ತುದಿ ಬಟ್ಟೆಪಟ್ಟಿಯ ಕೆಳಗೆ, ಹೊರಗೆ.

ಮೊದಲ ದಿನವೇ ನಮ್ಮಿಬ್ಬರಿಗೂ ಜಟಾಪಟಿ. ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಮುದುಕರು ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ನಾನು ಬಾಗಿಲಿನಿಂದಲೇ ಟವೆಲ್ ಎಸೆದು ಸೀಟು ಹಿಡಿದೆ. ಜೀವಮಾನವಿಡೀ ಜನ ಕಿಟಕಿಯಿಂದ ಟವೆಲ್ ಎಸೆಯುವುದನ್ನು ನೋಡಿ ಬೈದವನು ನಾನು. ನನಗೂ ಒಂದು ಸಲ ಆಸೆಯಾಗಿತ್ತು ಅಂತ ಕಾಣುತ್ತದೆ. ಸೋಪಕ್ಕ ಎರಡು ಬೆರಳಲ್ಲಿ ಟವೆಲ್ ಎತ್ತಿ ಹಿಡಿದಳು.

‘ಯಾರದ್ದು ಇದು?’

‘ನಂದು. ಸೀಟ್ ಹಿಡಿದಿದ್ದೀನಿ.’

‘ಇದು ಬಸ್ಸಲ್ಲ ಕಂಡಕ್ಟ್ರೇ. ಒಬ್ಬರು ಎದ್ದ ಕುರ್ಚಿನ ಔಷಧಿ ಹಾಕಿ ಒರೆಸಿ, ಅದು ತಾನಾಗೇ ಒಣಗೋವರೆಗೆ ಇನ್ನೊಬ್ಬರು ಕೂರೋ ಹಾಗಿಲ್ಲ. ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ್ರೂ ಸಾಕು, ಅವರ ಕಾಯಿಲೆ ನಿಮ್ಮ ಮನೆಗೆ ಬರುತ್ತೆ. ಹೊರಗೆ ಕೂತ್ಕೊಳ್ಳಿ.’

‘ಎಷ್ಟು ಹೊತ್ತು?’

‘ಒಣಗೋವಷ್ಟು ಹೊತ್ತು.’

ಟವೆಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಗೆ ಕೊಟ್ಟಳು. ನಾನು ಹೊರಗಿನ ಬೆಂಚಿನಲ್ಲಿ ಕೂತು ಉರಿದುಕೊಂಡೆ. ಮನೆಗೆ ಬಂದು ಹೆಂಡತಿಯ ಹತ್ತಿರ ದೂರಿದರೆ ಆಕೆ ಹೊಲಿಗೆ ಮೆಷಿನ್ ನಿಲ್ಲಿಸದೆಯೇ, ‘ಅಂತೂ ನಿಮ್ಮ ಬಾಯಿ ಮುಚ್ಚಿಸೋರು ಒಬ್ಬರು ಸಿಕ್ಕಿದ್ರಲ್ಲ’ ಅಂದಳು.

ಸೋಪಕ್ಕನ ಅಪ್ಪ ಹಾಲು ಸಂಗ್ರಹಿಸುವ ಕೇಂದ್ರದಲ್ಲಿ ಕ್ಯಾನ್ ತೊಳೆಯುತ್ತಿದ್ದವರಂತೆ. ದಿನಕ್ಕೆ ಇನ್ನೂರು ಕ್ಯಾನು, ಕುದಿಯುವ ನೀರು, ಉದ್ದ ಬ್ರಷ್ಷು. ಒಂದು ಸಲ ಒಂದೇ ಒಂದು ಕ್ಯಾನಿನ ಮುಚ್ಚಳದ ಒಳಗಂಚು ತೊಳೆಯುವುದು ತಪ್ಪಿ, ಇಡೀ ಟ್ಯಾಂಕಿನ ಹಾಲು ಒಡೆದು ಚರಂಡಿಗೆ ಹೋಯಿತು. ಅಪ್ಪ ಆವತ್ತು ಊಟ ಮಾಡಲಿಲ್ಲ. ಎಂಟು ವರ್ಷದ ಮಗಳು ಅದನ್ನು ನೋಡಿದ್ದಳು. ‘ಎಲ್ಲರೂ ಕ್ಯಾನಿನ ಹೊಟ್ಟೆ ತೊಳೀತಾರೆ, ಅಂಚು ಮರೀತಾರೆ’ ಎಂದು ಹೊಸ ನರ್ಸುಗಳಿಗೆ ಈಗಲೂ ಹೇಳುತ್ತಾಳೆ. ಹೇಳುತ್ತಲೇ ನಮ್ಮ ಪೈಪಿನ ಬಾಯಿಯ ಅಂಚನ್ನು ಔಷಧಿ ಹತ್ತಿಯಿಂದ ಉಜ್ಜುತ್ತಾಳೆ, ತುಟಿಯಲ್ಲೇ ಹದಿನೈದರವರೆಗೆ ಎಣಿಸುತ್ತಾಳೆ, ಒಣಗಲು ಬಿಡುತ್ತಾಳೆ. ಆಮೇಲೇ ಮೆಷಿನ್ನಿನ ಕೊಳವೆ ಜೋಡಿಸುವುದು. ಆಕೆಯ ಮುಖಕ್ಕೂ ಮಾಸ್ಕು, ನಮ್ಮ ಮುಖಕ್ಕೂ ಮಾಸ್ಕು, ನಾವು ಕತ್ತು ಆಚೆ ತಿರುಗಿಸಿ ಕೂರಬೇಕು. ಆ ಹೊತ್ತಿನಲ್ಲಿ ಮಾತಾಡಿದರೆ ಮುಗಿಯಿತು ಕಥೆ. ಒಬ್ಬರಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಗ್ಲೌಸ್ ಬಿಸಾಕಿ ಮತ್ತೆ ಸಿಂಕಿಗೆ. ಇಷ್ಟು ತೊಳೆದ ಕೈಯಲ್ಲಿ ಗೆರೆಗಳು ಇನ್ನೂ ಉಳಿದಿರುವುದೇ ಆಶ್ಚರ್ಯ.

ಆ ಸಿಂಕಿನ ಮೇಲುಗಡೆ ಒಂದು ಬಿಳಿ ಬೋರ್ಡು ಹಾಕಿಸಿದ್ದೂ ಸೋಪಕ್ಕನೇ. ‘ನಮ್ಮ ವಾರ್ಡಿನಲ್ಲಿ ಯಾರ ರಕ್ತಕ್ಕೂ ಸೋಂಕು ತಗುಲದೆ ಕಳೆದ ದಿನಗಳು’ ಎಂದು ಮೇಲೆ ಬರೆದಿತ್ತು, ಕೆಳಗೆ ಅಂಕಿ. ನರ್ಸುಗಳಿಗೆ ಹುರುಪು ಬರಲಿ ಅಂತ ಆಕೆಯ ಲೆಕ್ಕಾಚಾರ. ಆದರೆ ಹುರುಪು ಬಂದದ್ದು ನಮಗೆ. ಐವತ್ತು ದಾಟಿದಾಗ ಯಾರೋ ಚಪ್ಪಾಳೆ ತಟ್ಟಿದರು. ನೂರು ದಾಟಿದಾಗ, ಅಂಕಿ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ದಿನಗಳಂದು ನಾನು ಹಳೆಯ ಅಂಕಿ ಒರೆಸಿ ಹೊಸದು ಬರೆದು, ಬಸ್ಸಿನಲ್ಲಿ ಸ್ಟಾಪು ಕೂಗುತ್ತಿದ್ದ ಹಾಗೆ ಕೂಗುತ್ತಿದ್ದೆ: ‘ನೂರಾ ಹನ್ನೆರಡೂ! ಇಳಿಯೋರು ಯಾರೂ ಇಲ್ಲ, ರೈಟ್ ರೈಟ್!’ ಹನ್ನೆರಡು ಕುರ್ಚಿಯೂ ನಗುತ್ತಿತ್ತು. ಟಿಕೆಟ್ ಚೀಲ ಕೆಳಗಿಟ್ಟ ಮೇಲೆ ನಾನೂ ಒಬ್ಬ ಮನುಷ್ಯ ಅನ್ನಿಸಿದ್ದು ಆಗಲೇ. ಸುಳ್ಳು ಯಾಕೆ ಹೇಳಲಿ, ಆ ಕೂಗು ಕೂಗುವುದಕ್ಕಾಗಿಯೇ ಬೆಳಿಗ್ಗೆ ಬೇಗ ಎದ್ದು ಬರುತ್ತಿದ್ದೆ.

ಒಂದು ಶುಕ್ರವಾರ ಇನ್ನೂರ ತೊಂಬತ್ತಮೂರು ಕೂಗಿದೆ. ಮುಂದಿನ ಶುಕ್ರವಾರಕ್ಕೆ ಮುನ್ನೂರು. ದೊಡ್ಡ ಡಾಕ್ಟರು ಬಂದು ಎಲ್ಲರ ಜೊತೆ ಫೋಟೊ ತೆಗೆಸಿಕೊಳ್ಳುವುದೆಂದು ಮಾತಾಗಿತ್ತು. ಬೋರ್ಡಿನ ಪಕ್ಕ ನಿಲ್ಲುವವನು ನಾನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ಶನಿವಾರ, ಸುಡುಸುಡು ಬಿಸಿಲು. ಕತ್ತಿನಲ್ಲಿ ಪೈಪು ಇದ್ದವರು ತಲೆಗೆ ನೀರು ಹಾಕಿಕೊಳ್ಳಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಪಟ್ಟಿ ಒದ್ದೆಯಾದರೆ, ಬಿಚ್ಚಿಕೊಂಡರೆ, ನಮ್ಮ ದಿನ ಅಲ್ಲದಿದ್ದರೂ ತಕ್ಷಣ ವಾರ್ಡಿಗೆ ಬರಬೇಕು. ಇದನ್ನು ಸೋಪಕ್ಕ ನನಗೆ ಎಷ್ಟು ಸಲ ಹೇಳಿದ್ದಳೋ ದೇವರಿಗೇ ಗೊತ್ತು. ಆವತ್ತು ತಲೆ ಕಾದು ಹೋಗಿತ್ತು. ಎರಡೇ ಎರಡು ಚೊಂಬು, ಬಗ್ಗಿ ಮುಂದಕ್ಕೆ ಹಾಕಿಕೊಂಡರೆ ಏನಾಗುತ್ತದೆ ಅಂದುಕೊಂಡೆ. ಎರಡು ಚೊಂಬು ನಾಲ್ಕಾಯಿತು. ನೀರು ಕತ್ತಿನ ಗುಂಟ ಇಳಿದು ಪಟ್ಟಿಯ ಅಂಚು ಎದ್ದು ನಿಂತಿತು.

ಫ್ಯಾನಿನ ಮುಂದೆ ಕೂತು ಒಣಗಿಸಿದೆ. ಅಂಟಲಿಲ್ಲ. ಪಾರ್ಸೆಲ್ ಕಟ್ಟುವ ಕಂದು ಟೇಪು ಹುಡುಕಿ ನಾಲ್ಕೂ ಕಡೆ ಅಂಟಿಸಿದೆ. ಹರಿದ ಚೀಲ, ಒಡೆದ ಪೆಟ್ಟಿಗೆ, ಸೀಟಿನ ರೆಕ್ಸಿನ್, ಎಲ್ಲಕ್ಕೂ ಜೀವನಪೂರ್ತಿ ಟೇಪೇ ಮದ್ದು ನನಗೆ.

‘ಇದೇನ್ರೀ ಇದು, ಕೊರಿಯರ್‌ಗೆ ಕಳಿಸೋ ಹಾಗೆ?’ ಅಂದಳು ಹೆಂಡತಿ.

‘ಸ್ವಲ್ಪ ಬಿಟ್ಕೊಂಡಿತ್ತು, ಅಂಟಿಸಿದೆ.’

‘ಸಿಸ್ಟರ್‌ಗೆ ಫೋನ್ ಮಾಡಿ.’

‘ಮಾಡ್ತೀನಿ, ಮಾಡ್ತೀನಿ.’

ಮಾಡಲಿಲ್ಲ. ಭಾನುವಾರ ಸಂಜೆ ಬೆನ್ನಲ್ಲಿ ಚಳಿ ಹುಟ್ಟಿತು. ಆ ಸೆಖೆಯಲ್ಲಿ ಎರಡು ಕಂಬಳಿ ಹೊದ್ದು ಮಲಗಿದೆ. ಹೆಂಡತಿ ಫೋನು ಕೈಗೆತ್ತಿಕೊಂಡಳು, ನಾನು ಕಿತ್ತುಕೊಂಡೆ. ‘ನಾಳೆ ಹೇಗೂ ಹೋಗ್ತೀನಲ್ಲೇ. ಈಗ ಹೇಳಿದ್ರೆ ರಕ್ತ ತೆಗೀತಾರೆ, ಏನಾದ್ರೂ ಸಿಕ್ಕಿದ್ರೆ ಬೋರ್ಡ್ ಸೊನ್ನೆ ಆಗುತ್ತೆ. ಅದೂ ನನ್ನಿಂದ! ಮುಖ ಎಲ್ಲಿಟ್ಕೊಳ್ಳಲಿ?’

‘ನಿಮ್ಮ ಬೋರ್ಡಿಗೆ ಬೆಂಕಿ ಬೀಳ!’ ಅಂದಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಆಕೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಆದರೂ ನಾನು ಜಪ್ಪಯ್ಯ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಜ್ವರದ ಮಾತ್ರೆ ನುಂಗಿ ಹೊರಟೆ. ಬಾಗಿಲಲ್ಲಿ ಜ್ವರ ನೋಡಿದರು, ಇರಲಿಲ್ಲ. ಮಾತ್ರೆ ತನ್ನ ಕೆಲಸ ಮಾಡಿತ್ತು. ಸೋಪಕ್ಕ ಶುಕ್ರವಾರದ ಸಿದ್ಧತೆಗೆಂದು ದೊಡ್ಡ ಡಾಕ್ಟರ ಕೋಣೆಗೆ ಹೋಗಿದ್ದಳು, ನನ್ನನ್ನು ನೋಡಿಕೊಂಡವಳು ಚಿಕ್ಕ ಸಿಸ್ಟರು, ಕೆಲಸಕ್ಕೆ ಸೇರಿ ಐದು ತಿಂಗಳಾದವಳು. ಟೇಪನ್ನು ನಾನು ಬಸ್ಸಿನಲ್ಲೇ ಕಿತ್ತು ಬಿಸಾಕಿದ್ದೆ.

‘ಪಟ್ಟಿ ಬಿಟ್ಕೊಂಡಿದೆಯಲ್ಲ ಅಂಕಲ್?’

‘ಈಗ ಬಸ್ಸಲ್ಲಿ ಬರ್ತಾ ಬಿಟ್ಕೊಳ್ತಮ್ಮ.’

‘ಜ್ವರ ಬಂದಿತ್ತಾ? ಚಳಿ? ಒದ್ದೆ ಏನಾದ್ರೂ ಆಗಿತ್ತಾ?’

‘ಇಲ್ಲ, ಇಲ್ಲ, ಇಲ್ಲ.’

ಒಂದೇ ಉಸಿರಿಗೆ ಮೂರು ಸುಳ್ಳು. ಪಾಪ, ಆ ಹುಡುಗಿ ನಂಬಿ, ಕ್ಲೀನ್ ಮಾಡಿ, ಹೊಸ ಪಟ್ಟಿ ಹಾಕಿ, ಮೆಷಿನ್ ಜೋಡಿಸಿದಳು. ಅದಕ್ಕೂ ಮುಂಚೆ ನಾನು ಬೋರ್ಡಿನ ಮುಂದೆ ನಿಂತು ‘ಇನ್ನೂರಾ ತೊಂಬತ್ತಾರೂ!’ ಎಂದು ಕೂಗಿಯಾಗಿತ್ತು. ಜನ ಚಪ್ಪಾಳೆ ತಟ್ಟಿದರು.

ಮುಕ್ಕಾಲು ಗಂಟೆ ಕಳೆದಿರಬೇಕು. ಮೊದಲು ದವಡೆ ನಡುಗಿತು, ಆಮೇಲೆ ಭುಜ, ಆಮೇಲೆ ಇಡೀ ಕುರ್ಚಿ. ಹಲ್ಲು ಕಟಕಟ ಅನ್ನುವುದು ನನ್ನ ಕಿವಿಗೇ ಕೇಳಿಸುತ್ತಿತ್ತು. ನನ್ನ ಪಕ್ಕದ ಕುರ್ಚಿಯವರು ನಿವೃತ್ತ ಮೇಷ್ಟ್ರು, ಅವರಿಗೂ ಕತ್ತಿನಲ್ಲೇ ಪೈಪು. ನನ್ನನ್ನು ನೋಡಿ ಅವರ ಮುಖ ಬಿಳುಚಿಕೊಂಡಿತು. ‘ಸಿಸ್ಟರ್, ಇವರಿಗೇನೋ ಆಗ್ತಿದೆ... ನನಗೂ ಚಳಿ ಆಗ್ತಿದೆ!’ ಎಂದು ಕೂಗಿದರು.

ಸೋಪಕ್ಕ ಓಡಿ ಬಂದಳು. ನನ್ನ ಹಣೆ ಮುಟ್ಟಿದಳು, ಮೆಷಿನ್ ನೋಡಿದಳು.

‘ಯಾವಾಗಿಂದ ಕಂಡಕ್ಟ್ರೇ?’

‘ಈ... ಈಗ. ಇಲ್ಲೇ ಶುರುವಾಯ್ತು.’

‘ಮನೇಲಿ ಏನೂ ಇರಲಿಲ್ವಾ?’

‘ಇಲ್ಲ.’

‘ಮೇಷ್ಟ್ರೇ, ನಿಮಗೆ?’

‘ಈಗಲೇ ಕಣಮ್ಮ.’

ಆಕೆಯ ಮುಖ ಗಟ್ಟಿಯಾಯಿತು. ಚಿಕ್ಕ ಸಿಸ್ಟರ ಕಡೆ ತಿರುಗಿ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. ‘ಮೆಷಿನ್ ಹಾಕಿದ ಮೇಲೆ ಇಬ್ಬರಿಗೆ ಒಟ್ಟಿಗೆ ಚಳಿ ಅಂದ್ರೆ ರಕ್ತ ತೊಳೆಯೋ ನೀರೇ ಕೆಟ್ಟಿರಬಹುದು. ಒಂದೇ ಟ್ಯಾಂಕಿನ ನೀರು ಹನ್ನೆರಡು ಮೆಷಿನ್‌ಗೂ ಹೋಗ್ತಿದೆ. ಎಲ್ಲಾ ನಿಲ್ಸಿ. ಕೊಳವೆಯಲ್ಲಿರೋ ರಕ್ತ ಯಾರಿಗೂ ವಾಪಸ್ ಕೊಡೋ ಹಾಗಿಲ್ಲ, ಅದರಲ್ಲೂ ವಿಷ ಸೇರಿರುತ್ತೆ.’

ಒಬ್ಬೊಬ್ಬರ ಮೆಷಿನ್ನಿನಲ್ಲೂ ಒಂದು ಲೋಟದಷ್ಟು ರಕ್ತ ಸುತ್ತುತ್ತಿರುತ್ತದೆ. ಎದುರು ಕುರ್ಚಿಯಲ್ಲಿ ಗಿಡ ಮಾರುವ ಹೆಂಗಸು ಕೂತಿದ್ದಳು. ಮೈಯಲ್ಲಿ ರಕ್ತವೇ ಇಲ್ಲದೆ ಕಾಗದದಂತಾಗಿದ್ದವಳಿಗೆ ಹೋದ ವಾರ ತಾನೇ ರಕ್ತ ಕೊಟ್ಟಿದ್ದರು. ಚಿಕ್ಕ ಸಿಸ್ಟರು ನೇರ ಅವಳ ಮೆಷಿನ್ನಿನ ಹತ್ತಿರ ಹೋಗಿ ಕೈ ಚಾಚಿದಳು. ಆ ಹೆಂಗಸು ಏನಾಗುತ್ತಿದೆ ಅಂತ ಗೊತ್ತಾಗದೆ ಕಣ್ಣು ಕಣ್ಣು ಬಿಡುತ್ತಿದ್ದಳು. ನೀರು ಕೆಟ್ಟಿಲ್ಲ. ಕೆಟ್ಟಿರುವುದು ನನ್ನ ಬುದ್ಧಿ. ಹನ್ನೊಂದು ಜನರ ರಕ್ತ ಚೆಲ್ಲುವುದಕ್ಕೆ ನಾನು ಬಾಯಿ ಮುಚ್ಚಿ ಕೂತಿದ್ದೇನೆ.

‘ನಿಲ್ಸಬೇಡಿ!’

ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೇಳುವಂತೆ ಕೂಗಿದೆ. ನಡುಕದಲ್ಲಿ ಮಾತು ತುಂಡುತುಂಡಾಗಿ ಬಂತು. ‘ನೀರು ಸರಿಯಾಗಿದೆ! ನಂದೇ ತಪ್ಪು! ನಿನ್ನೆಯಿಂದಲೇ ಚಳಿ! ಶನಿವಾರ ತಲೆಗೆ ನೀರು ಹಾಕ್ಕೊಂಡೆ, ಪಟ್ಟಿ ಒದ್ದೆಯಾಯ್ತು, ಟೇಪ್ ಅಂಟಿಸಿದೆ! ಮಾತ್ರೆ ನುಂಗಿ ಬಂದಿದ್ದೀನಿ! ಬೋರ್ಡಿಗೋಸ್ಕರ ಹೇಳಲಿಲ್ಲ ತಾಯೀ!’

ಚಿಕ್ಕ ಸಿಸ್ಟರ ಕೈ ಗಾಳಿಯಲ್ಲೇ ನಿಂತಿತು. ಸೋಪಕ್ಕ ನನ್ನನ್ನು ಒಂದು ಕ್ಷಣ ನೋಡಿದಳು, ಬೈಯಲಿಲ್ಲ. ಮೇಷ್ಟ್ರ ಕಡೆ ತಿರುಗಿ, ‘ನಿಮಗೆ ನಿಜವಾಗ್ಲೂ ಚಳಿನಾ?’ ಎಂದು ಜ್ವರ ನೋಡಿದಳು. ಇರಲಿಲ್ಲ. ‘ಇವರ ಅವತಾರ ನೋಡಿ ಹೆದರಿಕೆ ಆಯ್ತಮ್ಮ’ ಎಂದು ಮೇಷ್ಟ್ರು ತಲೆ ತಗ್ಗಿಸಿದರು. ಹಾಗಂತ ಸೋಪಕ್ಕ ನಮ್ಮ ಬಾಯಿಮಾತು ನಂಬಿ ಕೂರಲಿಲ್ಲ. ಎಲ್ಲರ ಜ್ವರ ನೋಡಿಸಿದಳು, ಟ್ಯಾಂಕಿನ ನೀರನ್ನು ಪರೀಕ್ಷೆಗೆ ಕಳಿಸಿದಳು. ಆಮೇಲೆ ಕೈ ತೊಳೆದು ನನ್ನ ಹತ್ತಿರ ಬಂದು, ಗ್ಲೌಸ್ ಹಾಕಿ, ಪರೀಕ್ಷೆಯ ಎರಡು ಸಣ್ಣ ಬಾಟಲಿಗೆ ರಕ್ತ ತೆಗೆದು, ಔಷಧಿ ಹನಿ ಶುರು ಮಾಡಿದಳು. ಗಾಲಿ ಮಂಚದ ಮೇಲೆ ನನ್ನನ್ನು ಮೇಲಿನ ವಾರ್ಡಿಗೆ ತಳ್ಳಿಕೊಂಡು ಹೋಗುವಾಗ, ಆಕೆ ಬೋರ್ಡು ಒರೆಸಿ ಸೊನ್ನೆ ಬರೆಯುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ.

ನೀರಿನಲ್ಲಿ ಏನೂ ಸಿಗಲಿಲ್ಲ, ನನ್ನ ರಕ್ತದಲ್ಲಿ ಕ್ರಿಮಿ ಸಿಕ್ಕಿತು. ಕತ್ತಿನ ಪೈಪು ಕಿತ್ತರು, ತಾತ್ಕಾಲಿಕವಾಗಿ ಇನ್ನೊಂದು ಕಡೆ ಹಾಕಿದರು, ಹೃದಯದ ಸ್ಕ್ಯಾನ್ ಮಾಡಿದರು. ‘ಕವಾಟಕ್ಕೆ ತಗುಲಿಲ್ಲ. ಇನ್ನೆರಡು ದಿನ ಮುಚ್ಚಿಟ್ಟಿದ್ರೆ ನಾವೇನೂ ಮಾಡೋ ಹಾಗಿರಲಿಲ್ಲ’ ಅಂದರು ಡಾಕ್ಟರು. ಹೆಂಡತಿ ಮಂಚದ ಪಕ್ಕ ಕೂತು ಮೂರು ದಿನ ಒಂದು ಮಾತೂ ಆಡಲಿಲ್ಲ. ನಾಲ್ಕನೇ ದಿನ ಬೈಯಲು ಶುರು ಮಾಡಿದಳು. ಆಗ ನನಗೆ, ನಾನು ಬದುಕುತ್ತೇನೆ ಎಂದು ಧೈರ್ಯ ಬಂತು.

ಕ್ರಿಮಿ ಪೂರ್ತಿ ಹೋದ ಮೇಲೆ ಕೈಯ ಆಪರೇಷನ್ನೂ ಆಯಿತು. ಅಲ್ಲಿಯವರೆಗೆ ನನ್ನ ಡಯಾಲಿಸಿಸ್ಸೂ ಮೇಲಿನ ವಾರ್ಡಿನಲ್ಲೇ. ಒಂದು ಗುರುವಾರ ಹೊಲಿಗೆ ತೋರಿಸಲು ಹೋದವನು ಹಾಗೇ ನಮ್ಮ ವಾರ್ಡಿಗೆ ಇಳಿದೆ. ಗುರುವಾರ ಬೇರೆ ತಂಡದ ದಿನ, ಹನ್ನೆರಡು ಕುರ್ಚಿಯೂ ತುಂಬಿತ್ತು. ಸಿಂಕಿನ ಮೇಲೆ ಬೋರ್ಡು ಇರಲಿಲ್ಲ. ಗೋಡೆಯಲ್ಲಿ ನಾಲ್ಕು ಸ್ಕ್ರೂ ತೂತು ಮಾತ್ರ. ನನಗೆ ಪಿತ್ತ ನೆತ್ತಿಗೇರಿತು. ಪಕ್ಕದ ಸಣ್ಣ ಕೋಣೆಯಲ್ಲಿ ಸೋಪಕ್ಕ ಆಗ ತಾನೇ ಊಟದ ಡಬ್ಬಿ ಬಿಚ್ಚಿದ್ದಳು.

‘ಬೋರ್ಡ್ ಯಾಕೆ ತೆಗೆದ್ರಿ? ತಪ್ಪು ಮಾಡಿದ್ದು ನಾನು. ಒಬ್ಬ ಮುಠ್ಠಾಳ ಮಾಡಿದ್ದಕ್ಕೆ ಎಲ್ಲರ ಖುಷಿ ಕಿತ್ಕೊಳ್ಳೋದಾ? ಸೊನ್ನೆಯಿಂದ ಮತ್ತೆ ಶುರು ಮಾಡೋಣ. ನಾನೇ ಬರೀತೀನಿ.’

‘ಕೂತ್ಕೊಳ್ಳಿ ಕಂಡಕ್ಟ್ರೇ.’

‘ಕೂರಲ್ಲ.’

‘ಸರಿ, ನಿಂತೇ ಕೇಳಿ.’ ಆಕೆ ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. ‘ಬೋರ್ಡ್ ತೆಗೆದಿದ್ದು ನಿಮ್ಮಿಂದ ಅಲ್ಲ. ಅಂಕಿ ನೂರಾ ಎಂಬತ್ತು ದಾಟಿದ ಹೊತ್ತಲ್ಲಿ, ಮೂರನೇ ಕುರ್ಚಿ ಅಜ್ಜಿಗೆ ಒಂದಿನ ಮೈ ಬೆಚ್ಚಗಿತ್ತು. ತಕ್ಷಣ ರಕ್ತ ತೆಗೆದು ಕಳಿಸಬೇಕಿತ್ತು, ನನಗೆ ಗೊತ್ತಿತ್ತು. ಬಿಸಿಲಲ್ಲಿ ನಡೆದು ಬಂದಿರ್ತಾರೆ, ಸ್ವಲ್ಪ ನೋಡೋಣ ಅಂತ ನನಗೆ ನಾನೇ ಹೇಳ್ಕೊಂಡೆ. ಅರ್ಧ ಗಂಟೆ. ಇಪ್ಪತ್ತೆರಡು ವರ್ಷದಲ್ಲಿ ಯಾವತ್ತೂ ಕಾಯದವಳು ಅರ್ಧ ಗಂಟೆ ಬೋರ್ಡ್ ನೋಡ್ಕೊಂಡು ಕೂತಿದ್ದೆ. ಆಮೇಲೆ ತೆಗೆದೆ, ಏನೂ ಇರಲಿಲ್ಲ, ಅಜ್ಜಿ ಪುಣ್ಯ. ಯಾರಿಗೂ ಹೇಳಲಿಲ್ಲ. ಆವತ್ತೇ ಅದನ್ನ ಕಿತ್ತು ಹಾಕಬೇಕಿತ್ತು. ನೀವು ಚೆನ್ನಾಗಿ ಕೂಗ್ತಿದ್ರಿ, ಎಲ್ಲರೂ ನಗ್ತಿದ್ರು, ಮನಸ್ಸು ಬರಲಿಲ್ಲ. ನೀವು ಸಾಯೋ ಸ್ಥಿತಿಗೆ ಬಂದಿದ್ದು ನನ್ನ ಬೋರ್ಡಿಂದ.’

ನಾನು ಕೂತೆ. ನನ್ನನ್ನು ಬೈಯಲಿ, ಇದನ್ನು ಮಾತ್ರ ಹೇಳದಿರಲಿ ಅನ್ನಿಸಿತು.

‘ಈಗ ನನಗಿರೋ ಹೆದರಿಕೆ ಒಂದೇ’ ಅಂದಳು. ‘ಜನ ಮುಚ್ಚಿಡೋದು ಕಲ್ತುಬಿಟ್ರೆ ನಾನು ಎಷ್ಟು ಕೈ ತೊಳೆದು ಏನು ಪ್ರಯೋಜನ?’

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ನಮ್ಮ ಮೇಷ್ಟ್ರು. ಬೆವರಿಳಿಯುತ್ತಿತ್ತು, ಕತ್ತಿನ ಹತ್ತಿರ ಒಂದು ಕೈ ಅಡ್ಡ ಹಿಡಿದಿದ್ದರು, ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯ ಮುಖ.

‘ನನ್ನ ದಿನ ಅಲ್ಲ, ಗೊತ್ತಮ್ಮ. ಮೊಮ್ಮಗು ತೊಡೆ ಮೇಲೆ ಕೂತಿತ್ತು, ಪಟ್ಟಿ ಎಳೆದುಬಿಡ್ತು. ಅರ್ಧ ಬಂದಿದೆ. ನಾಳೆ ಹೇಗೂ ಬರ್ತೀನಲ್ಲ ಅಂತ ಒಂದು ಸಲ ಅನ್ನಿಸ್ತು... ಆಮೇಲೆ ಹೊರಟು ಬಂದೆ. ಊಟದ ಹೊತ್ತಲ್ಲಿ ತೊಂದರೆ ಕೊಟ್ಟೆ.’

ಸೋಪಕ್ಕ ತಟ್ಟನೆ ಎದ್ದಳು. ‘ಎಷ್ಟು ಹೊತ್ತಾಯ್ತು ಎಳೆದು?’

‘ಒಂದು ಗಂಟೆ. ಬಸ್ಸು ಸಿಗೋದು ತಡ ಆಯ್ತು.’

‘ಬನ್ನಿ ಮೇಷ್ಟ್ರೇ, ಬನ್ನಿ’ ಅಂದಳು, ಆ ಧ್ವನಿ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟು ಕೈ ತೊಳೆಯಲು ನಿಂತವಳು ನಮಗೆ ಬೆನ್ನು ಮಾಡಿದ್ದಳು. ಭುಜದಿಂದ ಮುಖ ಒರೆಸಿಕೊಂಡಳು, ಮತ್ತೆ ಮೊದಲಿನಿಂದ ತೊಳೆಯಲು ಶುರು ಮಾಡಿದಳು. ನಾನು ಮೇಷ್ಟ್ರ ಚೀಲ ಹಿಡಿದುಕೊಂಡು ಮಾಸ್ಕು ಕಟ್ಟಿದೆ. ಹತ್ತು ನಿಮಿಷದ ಕೆಲಸ. ಹಳೆಯ ಪಟ್ಟಿ ಬಿಚ್ಚಿ, ಔಷಧಿ ಹಚ್ಚಿ, ಒಣಗಲು ಬಿಟ್ಟು, ಹೊಸದು ಅಂಟಿಸಿ, ಮೇಲೆ ತಾರೀಕು ಬರೆದಳು.

ಮೇಷ್ಟ್ರು ಮತ್ತೆ ಎರಡು ಬಸ್ಸು ಹಿಡಿದು ಮನೆಗೆ ಹೋದರು. ಅವರಿಗೆ ಜ್ವರ ಬರಲಿಲ್ಲ, ಚಳಿ ಬರಲಿಲ್ಲ. ಮರುದಿನ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಫ್ಯಾನು ಜೋರಾಗಿ ಇಡಬೇಕೋ ನಿಧಾನಕ್ಕೆ ಇಡಬೇಕೋ ಎಂದು ನಾಲ್ಕು ಗಂಟೆಯೂ ನನ್ನ ತಲೆ ತಿಂದರು.